ಆರಾಧನೆ, ದೀನತೆ, ದೇವರು ಮೆಚ್ಚುವ ಬಾಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾರ್ಥನಾ ಕೂಟ ಮುಗಿದ ಮೇಲಿನ ಮಾತುಕತೆಯಲ್ಲಿ, ಪತ್ರಗಳಲ್ಲಿ, ಸಂದೇಶಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಸುಲಭದವು ಮೊದಲು, ತೊಡಕಿನವು ಕೊನೆಗೆ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದಲೇ ಓದಬಹುದು. ವಚನಗಳ ಸಂಖ್ಯೆ ಕೊಟ್ಟಿರುವುದು ಬೈಬಲ್ ತೆರೆದು ನೀವೇ ನೋಡಲಿ ಎಂದು.

## ಆರಂಭದಲ್ಲಿ ಕೇಳುವವು

ಆರಾಧನೆ ಅಂದ್ರೆ ಹಾಡೋದು ತಾನೇ? ನನಗೆ ಹಾಡೋಕೇ ಬರಲ್ಲ.

ಹಾಡು ಆರಾಧನೆಯ ಒಂದು ಭಾಗ ಮಾತ್ರ. 95ನೇ ಕೀರ್ತನೆ ತೆಗೆದು ನೋಡಿ. ಮೊದಲ ಎರಡು ವಚನ ಉಲ್ಲಾಸದಿಂದ ಹಾಡಲು ಕರೆಯುತ್ತವೆ. ಆರನೆಯ ವಚನ ಅಡ್ಡಬಿದ್ದು ಮೊಣಕಾಲೂರಲು ಹೇಳುತ್ತದೆ. ಏಳು, ಎಂಟಕ್ಕೆ ಬರುವಷ್ಟರಲ್ಲಿ, ಆತನ ಮಾತು ಕೇಳಿಸಿದಾಗ ಹೃದಯವನ್ನು ಕಲ್ಲು ಮಾಡಿಕೊಳ್ಳಬೇಡಿ ಎಂಬ ಎಚ್ಚರಿಕೆ. ಹಾಡುವುದು, ಬಾಗುವುದು, ಕೇಳುವುದು ಮೂರೂ ಒಂದೇ ಕೀರ್ತನೆಯಲ್ಲಿವೆ. ನಮ್ಮ ಅನೇಕ ಕೂಟಗಳಲ್ಲಿ ಮೊದಲನೆಯದಕ್ಕೆ ಸಿಗುವ ಸಮಯದ ಹತ್ತನೇ ಒಂದು ಪಾಲೂ ಉಳಿದೆರಡಕ್ಕೆ ಸಿಗುವುದಿಲ್ಲ.

ರೋಮಾಪುರದವರಿಗೆ 12:1ರಲ್ಲಿ ಪೌಲನು ಕೇಳುವುದು ದೇಹವನ್ನೇ, ಅದೂ ಸಜೀವ ಯಜ್ಞವಾಗಿ. ಅಂದರೆ ಕಣ್ಣು ಏನು ನೋಡುತ್ತದೆ, ನಾಲಿಗೆ ಯಾರ ಬಗ್ಗೆ ಏನು ಆಡುತ್ತದೆ, ಕೈ ಯಾವ ಕೆಲಸಕ್ಕೆ ಚಾಚುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬಂತು. ಸ್ವರ ಕೂಡದವರು ಸಭೆಯಲ್ಲಿ ಹಾಡಿನ ಸಾಲುಗಳನ್ನು ಮೆಲುದನಿಯಲ್ಲಿ ಓದಿಕೊಳ್ಳಲಿ. ಮನೆಯಲ್ಲಿ 136ನೇ ಕೀರ್ತನೆ ಒಳ್ಳೆಯದು. ಅದರ 26 ವಚನಗಳೂ ಒಂದೇ ಪಲ್ಲವಿಯಿಂದ ಮುಗಿಯುತ್ತವೆ. ಒಬ್ಬರು ಮೊದಲರ್ಧ ಓದಲಿ, ಉಳಿದವರು ಪಲ್ಲವಿ ಹೇಳಲಿ. ರಾಗವೇ ಬೇಕಿಲ್ಲ.

ಮನೇಲೇ ಕೂತು ಪ್ರಾರ್ಥನೆ ಮಾಡಿದ್ರೆ ಸಾಲದಾ? ಸಭೆಗೆ ಹೋಗ್ಲೇಬೇಕಾ?

ಕಾಯಿಲೆಯೋ ತಪ್ಪಿಸಲಾಗದ ಕೆಲಸವೋ ಇಲ್ಲದಿದ್ದರೆ ಹೋಗಬೇಕು. ಇಬ್ರಿಯರಿಗೆ 10:24-25 ಕಾರಣವನ್ನೂ ಕೊಡುತ್ತದೆ: ಒಬ್ಬರನ್ನೊಬ್ಬರು ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಹುರಿದುಂಬಿಸಲು. ತಾಳ್ಮೆ, ಕ್ಷಮೆ, ಇನ್ನೊಬ್ಬರ ಭಾರ ಹೊರುವುದು, ಇವು ಒಂಟಿಯಾಗಿ ಕಲಿಯುವ ಪಾಠಗಳಲ್ಲ. ನಮಗೆ ಸಿಟ್ಟು ತರಿಸುವ ಮನುಷ್ಯ ಪಕ್ಕದ ಬೆಂಚಿನಲ್ಲೇ ಕೂತಿರುವುದೂ ಸಭೆಯ ಉಪಯೋಗಗಳಲ್ಲಿ ಒಂದು.

ಬೆಳಗ್ಗೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಧ್ಯಾನ ಹೇಗೆ ಮಾಡ್ಲಿ?

ಇಪ್ಪತ್ತು ನಿಮಿಷ ಧಾರಾಳವಾಯಿತು. ಹೀಗೆ ಹಂಚಿಕೊಳ್ಳಿ:

1. ಮೊದಲ 2 ನಿಮಿಷ ಮೌನ. ಫೋನ್ ಬೇರೆ ಕೋಣೆಯಲ್ಲಿರಲಿ, ಬೈಬಲ್ ಕಾಗದದ್ದಿರಲಿ.
2. 6 ನಿಮಿಷ ಓದು. ಸುವಾರ್ತೆಯ 10-15 ವಚನ ಸಾಕು. ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಬಾಯಿಬಿಟ್ಟು.
3. 5 ನಿಮಿಷ ಒಂದೇ ವಚನದ ಮೇಲೆ. ಇದು ದೇವರ ಬಗ್ಗೆ ಏನು ಹೇಳುತ್ತದೆ, ನಾನು ಇವತ್ತು ಮಾಡಬೇಕಾದ್ದು ಏನಾದರೂ ಇದೆಯೇ?
4. 5 ನಿಮಿಷ ಪ್ರಾರ್ಥನೆ. ಓದಿದ್ದರಿಂದಲೇ ಶುರುಮಾಡಿ, ಬೇಡಿಕೆಗಳು ಆಮೇಲೆ.
5. ಕೊನೆಯ 2 ನಿಮಿಷದಲ್ಲಿ ಒಂದು ಸಾಲು ಬರೆಯಿರಿ. ಒಂದೇ ಸಾಲು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಹಟದಿಂದ ಶುರುಮಾಡಿ ಯಾಜಕಕಾಂಡದಲ್ಲಿ ನಿಂತುಹೋಗುವುದು ಒಂದು. ಕಣ್ಣುಮುಚ್ಚಿ ಪುಟ ತೆರೆದು, ಬೆರಳು ಬಿದ್ದ ವಚನವನ್ನೇ ಆ ದಿನದ ದೈವವಾಣಿ ಎಂದುಕೊಳ್ಳುವುದು ಇನ್ನೊಂದು. ಇದನ್ನು ಬಿಟ್ಟೇಬಿಡಿ, ಮುಂದಿನ ವಚನ, ಹಿಂದಿನ ವಚನ ನೋಡದೆ ಓದಿದ್ದು ಓದೇ ಅಲ್ಲ. ಮೂರನೆಯದು, ತಪ್ಪಿದ ನಾಲ್ಕು ದಿನದ ಬಾಕಿಯನ್ನು ಐದನೆಯ ದಿನ ತೀರಿಸಲು ಹೋಗುವುದು. ತಪ್ಪಿದ್ದು ತಪ್ಪಿತು, ಇವತ್ತಿನ ಭಾಗ ಓದಿ. ಕೀರ್ತನೆಗಳೇ ಬೇಕೆಂದರೆ ದಿನಕ್ಕೆ 5ರಂತೆ ಮೂವತ್ತು ದಿನಕ್ಕೆ 150 ಮುಗಿಯುತ್ತವೆ. 119ನೆಯದು ಮಾತ್ರ 176 ವಚನದ್ದು, ಅದಕ್ಕೆ ಬೇರೆಯೇ ದಿನಗಳನ್ನು ಇಡಿ.

## ಆರಾಧನೆಯ ಬಗ್ಗೆ

ಪ್ರಾರ್ಥನೆಗೆ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತೆ. ಏನು ಮಾಡೋದು?

ಓಡಿದ ಮನಸ್ಸನ್ನು ಬೈಯುತ್ತ ಕೂತರೆ ಇನ್ನೂ ದೂರ ಓಡುತ್ತದೆ. ಎಲ್ಲಿಗೆ ಓಡಿತೋ ಅದನ್ನೇ ಪ್ರಾರ್ಥನೆಗೆ ತನ್ನಿ. ಸಾಲದ ಕಂತು ನೆನಪಾಯಿತೇ, ಅದನ್ನು ದೇವರಿಗೆ ಹೇಳಿ ಮುಂದಕ್ಕೆ ಹೋಗಿ. ಮಾಡಬೇಕಾದ ಕೆಲಸ ನೆನಪಾದರೆ ಪಕ್ಕದಲ್ಲಿಟ್ಟ ಚೀಟಿಯಲ್ಲಿ ಗುರುತು ಹಾಕಿ. ಬಾಯಿಬಿಟ್ಟು ಪ್ರಾರ್ಥಿಸುವುದು, ಮೊಣಕಾಲೂರುವುದು, ನಡೆಯುತ್ತ ಪ್ರಾರ್ಥಿಸುವುದು, ಮೂರೂ ಸಹಾಯ ಮಾಡುತ್ತವೆ. ಕರ್ತನ ಪ್ರಾರ್ಥನೆಯನ್ನು ಒಂದೊಂದು ಬೇಡಿಕೆಗೂ ನಿಲ್ಲಿಸಿ ನಿಲ್ಲಿಸಿ ಹೇಳಿ. ಪ್ರತಿ ನಿಲುಗಡೆಯಲ್ಲೂ ನಿಮ್ಮ ಒಂದು ವಾಕ್ಯ ಸೇರಿಸಿ.

ಒಳಗೆ ಏನೂ ಅನ್ನಿಸ್ತಿಲ್ಲ. ಹಾಗಿದ್ದೂ ಕೈಯೆತ್ತಿ ಸ್ತುತಿಸಿದರೆ ಕಪಟ ಅಲ್ವಾ?

ಇಲ್ಲದ ಭಾವನೆಯನ್ನು ಇದೆ ಎಂದು ತೋರಿಸಿಕೊಂಡರೆ ಕಪಟ. ಭಾವನೆ ಇಲ್ಲದಿದ್ದರೂ ದೇವರು ಸ್ತುತಿಗೆ ಯೋಗ್ಯನು ಎಂದು ಒಪ್ಪಿ ನಿಂತರೆ ಅದು ನಿಷ್ಠೆ. ಹಾಗೆಂದು ಅಳು ಬಂದಾಗಲೂ ನಗುವ ಹಾಡನ್ನೇ ಹಾಡಬೇಕಾಗಿಲ್ಲ. ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟದವೇ. 13ನೆಯದರ ಮೊದಲೆರಡು ವಚನಗಳಲ್ಲಿ "ಎಷ್ಟರವರೆಗೆ?" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ಅವನ್ನು ದೇವಜನರ ಹಾಡಿನ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ. ನಾವು ಮಾತ್ರ ಅವನ್ನು ಆರಾಧನೆಯಲ್ಲಿ ಓದುವುದೇ ಅಪರೂಪ.

ಬತ್ತಿದ ದಿನಗಳಲ್ಲಿ 13ನೆಯದರ ಜಾಡಿನಲ್ಲೇ ನಿಮ್ಮದೊಂದು ಪ್ರಾರ್ಥನೆ ಬರೆಯಿರಿ: ದೂರು ಎರಡು ಸಾಲು, ಬೇಡಿಕೆ ಎರಡು ಸಾಲು, ದೇವರ ಬಗ್ಗೆ ಈಗಲೂ ನಂಬುವ ಒಂದು ಸಾಲು. ಕೊನೆಯ ಸಾಲು ಬರದಿದ್ದರೆ ಖಾಲಿ ಬಿಡಿ, ನಾಳೆ ನೋಡೋಣ. ಈ ಬರಡುತನ ವಾರಗಟ್ಟಲೆ ಎಳೆದು ನಿದ್ದೆ, ಊಟ, ಕೆಲಸವೆಲ್ಲ ಕೆಟ್ಟರೆ ವೈದ್ಯರನ್ನೂ ಕಾಣಬೇಕು. ಖಿನ್ನತೆಯನ್ನು ನಂಬಿಕೆಯ ಕೊರತೆ ಎಂದು ಹೆಸರಿಟ್ಟು ಸುಮ್ಮನಾಗುವುದು ಸಭೆಗಳಲ್ಲಿ ಆಗುತ್ತಿರುವ ದೊಡ್ಡ ಅನ್ಯಾಯ.

ತಮ್ಮನ ಜೊತೆ ಮಾತು ಬಿಟ್ಟು ವರ್ಷವಾಯ್ತು. ಈ ಸ್ಥಿತಿಯಲ್ಲಿ ಪ್ರಭುಭೋಜನ ತಗೋಬಹುದಾ?

ಮತ್ತಾಯ 5:23-24ನ್ನು ನಿಧಾನವಾಗಿ ಓದಿ. ನಿನಗೆ ಸಹೋದರನ ಮೇಲೆ ಏನಾದರೂ ಇದ್ದರೆ ಎಂದು ಅಲ್ಲಿಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಎಂದಿದೆ. ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಕಾಲ್ನಡಿಗೆಯಲ್ಲಿ ಸುಮಾರು ಮೂರು ದಿನದ ದಾರಿ. ಅಷ್ಟು ದೂರ ನಡೆದು ಬಂದವನು ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೂರು ದಿನ ಹಿಂದಕ್ಕೆ ನಡೆದು, ರಾಜಿಯಾಗಿ, ಮತ್ತೆ ಬಂದು ಅರ್ಪಿಸಬೇಕು. ಕೇಳಿದವರು ಬೆಚ್ಚಿರಬೇಕು.

ಹಾಗಾದರೆ ಭೋಜನದಿಂದ ದೂರ ಉಳಿಯುವುದೇ ದಾರಿಯೇ? 1 ಕೊರಿಂಥದವರಿಗೆ 11:28ರಲ್ಲಿ ಪೌಲನು ಹೇಳುವುದು, ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು. ಪರೀಕ್ಷಿಸಿಕೊಂಡು ದೂರ ಕೂರಲಿ ಎಂದಲ್ಲ. ಆದ್ದರಿಂದ ಮುಂದಿನ ಭೋಜನಕ್ಕೆ ಮೊದಲು ಒಂದು ಹೆಜ್ಜೆ ಇಡಿ. ಸಂದೇಶ ಕಳಿಸುವುದಕ್ಕಿಂತ ಫೋನ್ ಮೇಲು, ಫೋನಿಗಿಂತ ಮುಖಾಮುಖಿ ಮೇಲು. ನಿಮ್ಮ ತಪ್ಪನ್ನು ಹೆಸರಿಟ್ಟು ಹೇಳಿ: "ಅಪ್ಪನ ಮುಂದೆ ನಿನ್ನನ್ನು ಸುಳ್ಳುಗಾರ ಅಂದೆ, ಅದು ತಪ್ಪು." "ನಿನಗೆ ಬೇಜಾರಾಗಿದ್ದರೆ ಸಾರಿ" ಎಂಬುದು ಕ್ಷಮೆ ಕೇಳುವುದಲ್ಲ, ಬೇಜಾರು ಮಾಡಿಕೊಂಡವನ ಮೇಲೆ ತಪ್ಪು ಹೊರಿಸುವುದು. "ಆದರೆ ನೀನೂ..." ಎಂಬ ಮಾತು ನಾಲಿಗೆಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಹಣದ ವಿಷಯವಾದರೆ ಹಣ ಹಿಂದಿರುಗಿಸಿ. ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನು (ಲೂಕ 19:8).

ನೀವು ಹೋದರೂ ತಮ್ಮ ಬಾಗಿಲು ತೆರೆಯದಿರಬಹುದು. ರೋಮಾ 12:18 ಸಮಾಧಾನವನ್ನು "ನಿಮ್ಮಿಂದಾದ ಮಟ್ಟಿಗೆ" ಎಂದೇ ಕೇಳುತ್ತದೆ. ನಿಮ್ಮ ಪಾಲು ಮುಗಿದ ಮೇಲೆ ಭೋಜನಕ್ಕೆ ಬನ್ನಿ. ಒಂದು ಎಚ್ಚರಿಕೆ: ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸಿದವರನ್ನು ಈ ವಚನ ತೋರಿಸಿ ಹೊಡೆದವನ ಮನೆಗೆ ವಾಪಸು ಕಳಿಸಬಾರದು. ಅಲ್ಲಿ ಮೊದಲು ಬೇಕಾದ್ದು ಸುರಕ್ಷೆ ಮತ್ತು ಕಾನೂನು.

ಸಭೆಯಲ್ಲಿ ಹಾಡು ನಡೆಸೋದು ನಾನೇ. ಹೊಗಳಿದರೆ ಒಳಗೊಳಗೇ ಹಿಗ್ಗುತ್ತೇನೆ. ಬಿಟ್ಟುಬಿಡಲಾ?

ಬಿಡಬೇಡಿ. ಬಿಟ್ಟರೆ "ಎಷ್ಟು ದೀನನಾಗಿ ಬಿಟ್ಟುಕೊಟ್ಟ" ಎಂಬ ಹೊಗಳಿಕೆ ಕಾದಿರುತ್ತದೆ. ಕೆಲಸದ ರೀತಿಯನ್ನೇ ಬದಲಿಸಿ. ನಿಮ್ಮ ಕಂಠ ಮಿನುಗುವ ಶ್ರುತಿ ಬಿಟ್ಟು ಜನರ ಕಂಠಕ್ಕೆ ನಿಲುಕುವ ಶ್ರುತಿ ಹಿಡಿಯಿರಿ. ಕೀಬೋರ್ಡಿನ ಮಧ್ಯದ ಸಿ ಸ್ವರದಿಂದ ಒಂದು ಆಕ್ಟೇವ್ ಮೇಲಿನ ಡಿ ದಾಟದಿದ್ದರೆ ಬಹುಪಾಲು ಜನ ಹಾಡುತ್ತಾರೆ. ಹೊಸ ಹಾಡು ಒಂದು ಆರಾಧನೆಗೆ ಒಂದಕ್ಕಿಂತ ಹೆಚ್ಚು ಬೇಡ. ಜನ ಬಾಯಿಮುಚ್ಚಿ ನಿಮ್ಮನ್ನೇ ನೋಡುತ್ತಿದ್ದರೆ ಅದು ಕಛೇರಿಯಾಯಿತು. ಯಾರಾದರೂ ಹೊಗಳಿದರೆ "ವಂದನೆ" ಎಂದು ಅಲ್ಲಿಗೇ ಮುಗಿಸಿ. "ಅಯ್ಯೋ ನಾನೇನೂ ಅಲ್ಲ" ಎಂದು ಎಳೆದರೆ ಎರಡನೆಯ ಹೊಗಳಿಕೆಗೆ ಬಾಯಿ ತೆರೆದಂತೆ. ನಾಲ್ಕು ವಾರಕ್ಕೊಮ್ಮೆ ಇನ್ನೊಬ್ಬರಿಂದ ನಡೆಸಿ, ನೀವು ಕುರ್ಚಿ ಜೋಡಿಸಿ.

ಸಂಗೀತಗಾರ ಬಾಖ್ ತನ್ನ ಅನೇಕ ಕೃತಿಗಳ ಕೊನೆಗೆ ದೇವರೊಬ್ಬನಿಗೇ ಮಹಿಮೆ ಎಂಬ ಅರ್ಥದ ಲ್ಯಾಟಿನ್ ಮಾತಿನ ಮೂರು ಮೊದಲಕ್ಷರ ಬರೆಯುತ್ತಿದ್ದನು. ಹಾಗೆಂದು ಸಂಗೀತದಲ್ಲಿ ಅರೆಬರೆ ಕೆಲಸ ಮಾಡಲಿಲ್ಲ. ತಾಲೀಮು ಮಾಡದೆ ಬರುವುದನ್ನು ದೀನತೆ ಎಂದುಕೊಳ್ಳುವವರಿಗೆ ಇದನ್ನು ಹೇಳಬೇಕು.

## ದೀನತೆಯ ಬಗ್ಗೆ

ದೀನತೆ ಅಂದ್ರೆ ನನ್ನ ಕೈಲಿ ಏನೂ ಆಗಲ್ಲ ಅಂತ ಅಂದ್ಕೊಳ್ಳೋದಾ?

ಅಲ್ಲ. ರೋಮಾ 12:3 ತನ್ನನ್ನು ಇರುವುದಕ್ಕಿಂತ ದೊಡ್ಡದಾಗಿ ಎಣಿಸಬೇಡ, ಸ್ವಸ್ಥಬುದ್ಧಿಯಿಂದ ಎಣಿಸು ಎನ್ನುತ್ತದೆ. ಮುಂದಿನ ವಚನಗಳಲ್ಲೇ ವರಗಳ ಪಟ್ಟಿ ಕೊಟ್ಟು, ಇರುವುದನ್ನು ಬಳಸಿ ಎನ್ನುತ್ತದೆ. ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕನೆಂದು ಅರಣ್ಯಕಾಂಡ 12:3 ಹೊಗಳುವ ಮೋಶೆಯೇ, ಮೊದಲು "ನನಗೆ ಮಾತಾಡಲು ಬಾರದು, ಬೇರೆಯವರನ್ನು ಕಳಿಸು" ಎಂದು ನುಣುಚಿಕೊಳ್ಳಲು ನೋಡಿದ್ದನು. ಆಗ ದೇವರಿಗೆ ಬಂದದ್ದು ಮೆಚ್ಚುಗೆಯಲ್ಲ, ಸಿಟ್ಟು (ವಿಮೋಚನಕಾಂಡ 4:10-14).

ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವ ಮೊದಲು ಮೂರನೆಯ ವಚನ ಒಂದು ವಿವರ ಕೊಡುತ್ತದೆ: ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂದು ಆತನಿಗೆ ತಿಳಿದಿತ್ತು. ತಿಳಿದೇ ಎದ್ದು ನಿಲುವಂಗಿ ತೆಗೆದಿಟ್ಟನು, ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡನು. ತಾನು ಯಾರೆಂಬ ಬಗ್ಗೆ ಗೊಂದಲವಿದ್ದವರಿಗೆ ಬೇರೆಯವರ ಕಾಲು ಮುಟ್ಟುವುದು ಕಷ್ಟ. ಅದೇ ರಾತ್ರಿ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವನೆಂದು ವಾದಕ್ಕೆ ಬಿದ್ದರೆಂದು ಲೂಕ 22:24 ಹೇಳುತ್ತದೆ.

ನನ್ನಲ್ಲಿ ಅಹಂಕಾರ ಇದೆಯಾ ಇಲ್ವಾ, ಹೇಗೆ ಗೊತ್ತಾಗುತ್ತೆ?

ಇದೆ. ಎಲ್ಲಿ ಅಡಗಿದೆ ಎಂಬುದಷ್ಟೇ ಹುಡುಕಬೇಕಾದ್ದು. ಈ ಕಡೆ ನೋಡಿ: ನಿಮಗಿಂತ ಚಿಕ್ಕವರು ತಿದ್ದಿದಾಗ ಮೈ ಬಿಸಿಯಾಗುತ್ತದೆಯೇ? ನಿಮ್ಮ ಸಲಹೆ ಬಿಟ್ಟು ಬೇರೆಯವರದ್ದನ್ನು ಒಪ್ಪಿದರೆ, ಅದು ಸೋಲಲಿ ಎಂದು ಒಳಗೊಂದು ಆಸೆ ಹುಟ್ಟುತ್ತದೆಯೇ? ಪ್ರಸಂಗ ಕೇಳುವಾಗ "ಇದು ಅವನು ಕೇಳಬೇಕಿತ್ತು" ಎಂದು ಎಷ್ಟು ಸಲ ಅನ್ನಿಸುತ್ತದೆ?

ಲೂಕ 18ರ ಫರಿಸಾಯನ ಪ್ರಾರ್ಥನೆ ದೇವರಿಗೆ ಸ್ತೋತ್ರ ಹೇಳುವುದರಿಂದಲೇ ಶುರುವಾಗುತ್ತದೆ. ಧರ್ಮಶಾಸ್ತ್ರ ವಿಧಿಸಿದ ಉಪವಾಸ ವರ್ಷಕ್ಕೊಂದು, ದೋಷಪರಿಹಾರಕ ದಿನದ್ದು. ಅವನು ಮಾಡುತ್ತಿದ್ದುದು ವಾರಕ್ಕೆರಡು. ಮಾಡಿದ್ದು ಸುಳ್ಳಲ್ಲ. ಪಕ್ಕದಲ್ಲಿ ನಿಂತ ಸುಂಕದವನನ್ನು ಅಳತೆಗೋಲು ಮಾಡಿಕೊಂಡದ್ದೇ ಅವನು ಕೆಟ್ಟ ಜಾಗ.

ದೀನತೆ ಬೆಳೆಸಿಕೊಳ್ಳೋಕೆ ಏನಾದ್ರೂ ಅಭ್ಯಾಸ ಇದೆಯಾ, ಅಥವಾ ದೇವರೇ ಕೊಡಬೇಕಾ?

ಎರಡೂ. 6ನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠವಾಸಿಗಳಿಗೆ ಬರೆದ ನಿಯಮದ 7ನೇ ಅಧ್ಯಾಯದಲ್ಲಿ ದೀನತೆಗೆ 12 ಮೆಟ್ಟಿಲು ಹೇಳಿದ್ದಾನೆ. ಮೊದಲನೆಯದು ದೇವರ ಭಯವನ್ನು ಸದಾ ಕಣ್ಣ ಮುಂದಿಟ್ಟುಕೊಳ್ಳುವುದು. ತಲೆತಗ್ಗಿಸಿ ನಡೆಯುವಂಥ ಹೊರಗಣ ಗುರುತು ಬರುವುದು ಹನ್ನೆರಡನೆಯದರಲ್ಲಿ. ನಾವು ಹೆಚ್ಚಾಗಿ ಆ ತುದಿಯಿಂದ ಹತ್ತಲು ನೋಡುತ್ತೇವೆ.

ಮನೆಯಲ್ಲಿದ್ದುಕೊಂಡೇ ಮಾಡಬಹುದಾದವು: ವಾರಕ್ಕೊಂದು ಕೆಲಸ ಯಾರಿಗೂ ತಿಳಿಯದಂತೆ ಮಾಡಿ, ತಿಳಿಯದೇ ಇರಲಿ. ಮಾತಿನ ನಡುವೆ ನಿಮ್ಮ ಇಂಥದೇ ಅನುಭವ ತುರುಕುವ ಆಸೆಯಾದಾಗ, ಎದುರಿನವರಿಗೆ ಇನ್ನೊಂದು ಪ್ರಶ್ನೆ ಕೇಳಿ. ತಿಳಿಯದ್ದಕ್ಕೆ "ನನಗೆ ಗೊತ್ತಿಲ್ಲ" ಎನ್ನಿ. ಮೂರನೆಯದು ಸುಲಭವೆನಿಸಿದರೆ ಮಕ್ಕಳ ಮುಂದೆ ಹೇಳಿ ನೋಡಿ.

ನನ್ನ ಮೇಲೆ ಸುಳ್ಳು ಆರೋಪ ಹೊರಿಸಿದ್ದಾರೆ. ದೀನನಾಗಿ ಸುಮ್ಮನಿರಬೇಕಾ?

ಯಾವಾಗಲೂ ಅಲ್ಲ. ಪಿಲಾತನ ಮುಂದೆ ಮೌನವಾಗಿದ್ದ ಯೇಸು, ಅದಕ್ಕೆ ಮೊದಲು ಕೆನ್ನೆಗೆ ಹೊಡೆದ ಓಲೇಕಾರನನ್ನು "ನನ್ನನ್ನು ಏಕೆ ಹೊಡೆಯುತ್ತೀ?" ಎಂದು ಕೇಳಿದ್ದನು (ಯೋಹಾನ 18:23). ಪೌಲನು ಫಿಲಿಪ್ಪಿಯಲ್ಲಿ ಏಟು ತಿಂದ ಮೇಲೆ ರೋಮ್ ಪೌರತ್ವ ಮುಂದಿಟ್ಟು, ಅಧಿಕಾರಿಗಳೇ ಬಂದು ಬಿಡಿಸಬೇಕೆಂದು ಪಟ್ಟು ಹಿಡಿದನು (ಅಪೊಸ್ತಲರ ಕೃತ್ಯಗಳು 16:37). ಮುಂದೆ ಕೈಸರನಿಗೇ ಮೇಲ್ಮನವಿ ಸಲ್ಲಿಸಿದನು (25:11). ಆರೋಪದಿಂದ ಬೇರೆಯವರಿಗೆ ಹಾನಿಯಾಗುವಂತಿದ್ದರೆ ಸತ್ಯವನ್ನು ಒಮ್ಮೆ, ಸ್ಪಷ್ಟವಾಗಿ, ದಾಖಲೆ ಸಮೇತ ಹೇಳಿ. ಪೆಟ್ಟು ಬಿದ್ದದ್ದು ನಿಮ್ಮ ಹೆಸರಿಗೆ ಮಾತ್ರವಾದರೆ ಬಿಟ್ಟುಬಿಡಬಹುದು. ಯಾವುದು ಎಂದು ಸಿಟ್ಟಿನಲ್ಲಿ ತಿಳಿಯುವುದಿಲ್ಲ, ಒಂದು ರಾತ್ರಿ ಕಳೆಯಲಿ.

## ದೇವರನ್ನು ಮೆಚ್ಚಿಸುವ ಬಾಳಿನ ಬಗ್ಗೆ

ಕೃಪೆಯಿಂದಲೇ ರಕ್ಷಣೆ ಅಂದ್ಮೇಲೆ ಮೆಚ್ಚಿಸೋ ಪ್ರಯತ್ನ ಯಾಕೆ?

ಎಫೆಸದವರಿಗೆ 2:8-9 ರಕ್ಷಣೆ ಕ್ರಿಯೆಗಳಿಂದ ಅಲ್ಲ ಎನ್ನುತ್ತದೆ, ಹತ್ತನೆಯ ವಚನ ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟೆವು ಎನ್ನುತ್ತದೆ. ಓದುವವರು ಒಂಬತ್ತಕ್ಕೇ ನಿಲ್ಲಿಸುತ್ತಾರೆ. "ಈತನನ್ನು ನಾನು ಮೆಚ್ಚಿದ್ದೇನೆ" ಎಂಬ ಮಾತು ಪರಲೋಕದಿಂದ ಬಂದದ್ದು ಯೇಸುವಿನ ದೀಕ್ಷಾಸ್ನಾನದಲ್ಲಿ (ಮತ್ತಾಯ 3:17), ಸುವಾರ್ತೆಯಲ್ಲಿ ಒಂದು ಪ್ರಸಂಗವೂ ಒಂದು ಅದ್ಭುತವೂ ಬರುವ ಮೊದಲು. ನಮ್ಮನ್ನೂ ಕ್ರಿಸ್ತನಲ್ಲಿ ಸ್ವೀಕರಿಸಿದ ಮೇಲೆ ಮಾಡುವ ಕೆಲಸ ಜಾಗ ಗಿಟ್ಟಿಸಲು ಅಲ್ಲ. ಗಿಟ್ಟಿಸಲು ಮಾಡುವವನು ಒಂದು ದಿನ ತಪ್ಪಿದರೆ ಹೆದರಿ ಪ್ರಾರ್ಥನೆಯನ್ನೇ ನಿಲ್ಲಿಸುತ್ತಾನೆ. ಆ ಹೆದರಿಕೆ ಕಂಡರೆ ಯಾವ ದಾರಿಯಲ್ಲಿದ್ದೀರೆಂದು ತಿಳಿಯುತ್ತದೆ.

ಜನರನ್ನ ಮೆಚ್ಚಿಸಬಾರದು ಅಂತಾರೆ. ಹಾಗಾದ್ರೆ ಎಲ್ಲರ ಹತ್ತಿರ ಖಡಕ್ಕಾಗಿ ಇರ್ಬೇಕಾ?

ಗಲಾತ್ಯದವರಿಗೆ 1:10ರಲ್ಲಿ, ಇನ್ನೂ ಮನುಷ್ಯರನ್ನು ಮೆಚ್ಚಿಸುವವನಾಗಿದ್ದರೆ ಕ್ರಿಸ್ತನ ದಾಸನಾಗುತ್ತಿರಲಿಲ್ಲ ಎನ್ನುವ ಪೌಲನೇ, 1 ಕೊರಿಂಥ 10:33ರಲ್ಲಿ ಎಲ್ಲರನ್ನೂ ಎಲ್ಲದರಲ್ಲೂ ಮೆಚ್ಚಿಸಲು ನೋಡುತ್ತೇನೆ ಎನ್ನುತ್ತಾನೆ. ಅಲ್ಲೇ ಬೀಗದ ಕೈಯೂ ಇದೆ: ಸ್ವಂತ ಲಾಭಕ್ಕಲ್ಲ, ಅವರ ಹಿತಕ್ಕೆ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆ ಕೇಳಿಕೊಳ್ಳಿ, ಇದು ಅವರಿಗೆ ಒಳ್ಳೆಯದೆಂದೋ, ಇಲ್ಲ ಎಂದರೆ ನನ್ನನ್ನು ಇಷ್ಟಪಡುವುದಿಲ್ಲ ಎಂದೋ? ಒರಟುತನವನ್ನು ಧೈರ್ಯ ಎಂದು ಕರೆದುಕೊಳ್ಳುವವರಿಗೂ ಬೇಕಿರುವುದು ಒಂದು ಹೆಸರೇ, ನೇರ ಮನುಷ್ಯ ಎಂಬ ಹೆಸರು.

ದಿನವಿಡೀ ಕೆಲಸ, ಅಡುಗೆ, ಮಕ್ಕಳು. ಇದರಲ್ಲಿ ದೇವರ ಸೇವೆ ಎಲ್ಲಿ?

ಕೊಲೊಸ್ಸೆಯವರಿಗೆ 3:23, ಯಾವ ಕೆಲಸವನ್ನಾದರೂ ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಿರಿ ಎನ್ನುವುದು ದಾಸರನ್ನು ಉದ್ದೇಶಿಸಿ. ಆರಿಸಿಕೊಳ್ಳದ, ಯಾರೂ ಹೊಗಳದ ಕೆಲಸದಲ್ಲಿದ್ದವರು ಅವರು. ಹಿಂದಿನ ವಚನ ಯಜಮಾನನ ಕಣ್ಣೆದುರು ಮಾತ್ರ ದುಡಿಯುವುದನ್ನು ಬೇಡವೆನ್ನುತ್ತದೆ. ಕೆಲಸ ಶುರುಮಾಡುವ ಮುಂಚೆ "ಕರ್ತನೇ, ಇದು ನಿನಗೆ" ಎಂದರೆ ಸಾಕು. ಆಮೇಲೆ ಯಾರೂ ನೋಡದ ಮೂಲೆಯನ್ನೂ ಗುಡಿಸಿ.

ರಾತ್ರಿ ಮಲಗುವಾಗ ದಿನ ಹೇಗೆ ಕಳೆಯಿತೋ ನೋಡಿಕೊಳ್ಳೋ ಕ್ರಮ ಇದೆಯಾ?

16ನೇ ಶತಮಾನದ ಲೊಯೊಲಾದ ಇಗ್ನೇಷಿಯಸ್ ಕಲಿಸಿದ ಐದು ಹಂತಗಳು ಈಗಲೂ ಬಳಕೆಯಲ್ಲಿವೆ: ಸ್ತೋತ್ರ ಹೇಳುವುದು, ಬೆಳಕಿಗಾಗಿ ಬೇಡುವುದು, ಎದ್ದಾಗಿನಿಂದ ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದುಪಡಿ ನಿಶ್ಚಯಿಸುವುದು. ಹತ್ತು ನಿಮಿಷ ಸಾಕು. ಜನ ಸೀದಾ ನಾಲ್ಕನೆಯ ಹಂತಕ್ಕೆ ಹಾರಿ ತಮ್ಮನ್ನೇ ಹಳಿದುಕೊಂಡು ಮಲಗುತ್ತಾರೆ, ವಾರದಲ್ಲಿ ಅಭ್ಯಾಸ ನಿಲ್ಲುತ್ತದೆ. ಸ್ತೋತ್ರದ ಹಂತದಲ್ಲಿ ಕನಿಷ್ಠ ಮೂರು ಸಂಗತಿ ಬೇಕು. ಹಾಸಿಗೆಯಲ್ಲಿ ಮಲಗಿ ಮಾಡಿದರೆ ಎರಡನೆಯ ಹಂತದಲ್ಲೇ ನಿದ್ದೆ, ಕೂತು ಮಾಡಿ.

## ಇನ್ನೂ ಆಳಕ್ಕೆ ಇಳಿದವು

ಉದ್ದೇಶ ಒಳ್ಳೇದಿದ್ದು ಆಜ್ಞೆ ಸ್ವಲ್ಪ ಮೀರಿದ್ರೆ, ಕಾಣಿಕೆ ಕೊಟ್ಟು ಸರಿಮಾಡ್ಕೋಬಹುದಲ್ವಾ?

1 ಸಮುವೇಲ 15 ಇದೇ ಪ್ರಶ್ನೆಯ ಅಧ್ಯಾಯ. ಸೌಲನು ಅಮಾಲೇಕ್ಯರಿಂದ ಒಳ್ಳೊಳ್ಳೆಯ ಕುರಿದನಗಳನ್ನು ಆಜ್ಞೆ ಮೀರಿ ಉಳಿಸಿಕೊಂಡು, ಯಜ್ಞಕ್ಕೆಂದು ತಂದೆವು ಎಂದನು. ಯಜ್ಞಕ್ಕಿಂತ ವಿಧೇಯತೆ ಮೇಲೆಂದು ಸಮುವೇಲನು ಹೇಳಿದ 22ನೇ ವಚನ ಎಲ್ಲರಿಗೂ ಗೊತ್ತು. ಅದರ ಸುತ್ತಲಿನ ವಚನಗಳನ್ನು ಓದುವವರು ಕಡಿಮೆ. 12ರಲ್ಲಿ ಸೌಲನು ಕರ್ಮೆಲಿನಲ್ಲಿ ತನಗೇ ಜ್ಞಾಪಕಸ್ತಂಭ ನಿಲ್ಲಿಸಿಕೊಂಡಿದ್ದಾನೆ. 24ರಲ್ಲಿ, ಜನರಿಗೆ ಹೆದರಿ ಅವರ ಮಾತು ಕೇಳಿದೆ ಎಂದು ಒಪ್ಪುತ್ತಾನೆ. 30ರಲ್ಲಿ, ಪಾಪಮಾಡಿದ್ದೇನೆ, ಆದರೂ ಹಿರಿಯರ ಮುಂದೆ ನನ್ನ ಮಾನ ಉಳಿಸು, ಜೊತೆಗೆ ಬಾ, ಆರಾಧಿಸುತ್ತೇನೆ ಎನ್ನುತ್ತಾನೆ. ಆರಾಧನೆ ಅಲ್ಲಿ ಮುಖ ಉಳಿಸಿಕೊಳ್ಳುವ ಉಪಾಯವಾಯಿತು.

ದಾವೀದನ ಪಾಪ ಸಣ್ಣದಲ್ಲ: ವ್ಯಭಿಚಾರ, ಕೊಲೆ. ಆದರೆ 51ನೇ ಕೀರ್ತನೆಯಲ್ಲಿ ಯಜ್ಞದ ಮಾತನ್ನು ಅವನೇ ಪಕ್ಕಕ್ಕಿಟ್ಟು, ಮುರಿದ ಮನಸ್ಸನ್ನು ತರುತ್ತಾನೆ. ಹಿರಿಯರು ಏನೆಂದಾರು ಎಂಬ ಚಿಂತೆ ಆ ಕೀರ್ತನೆಯಲ್ಲೆಲ್ಲೂ ಇಲ್ಲ. ಹಾಗಾಗಿ ಮೀರಿದ್ದನ್ನು ನಿಲ್ಲಿಸಿ, ಹೇಳಬೇಕಾದವರಿಗೆ ಹೇಳಿ, ಕಾಣಿಕೆ ಆಮೇಲೆ.

ಒಂದು ಕಡೆ "ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ", ಇನ್ನೊಂದು ಕಡೆ "ರಹಸ್ಯವಾಗಿ ಮಾಡು". ಯಾವುದು ಸರಿ?

ಎರಡೂ ಒಂದೇ ಪ್ರಸಂಗದ ಮಾತು, ಮತ್ತಾಯ 5:16 ಮತ್ತು 6:1-18. ಮೊದಲನೆಯದರ ಕೊನೆ ನೋಡಿ: ಜನ ಕಂಡು ಪರಲೋಕದ ತಂದೆಯನ್ನು ಕೊಂಡಾಡಬೇಕು. ಎರಡನೆಯದು ಬೇಡವೆನ್ನುವುದು ಜನರಿಗೆ ಕಾಣಲೆಂದೇ ಮಾಡುವುದನ್ನು. ಅಲ್ಲಿ ಹೆಸರಿಸಿರುವುದು ಮೂರು: ದಾನ, ಪ್ರಾರ್ಥನೆ, ಉಪವಾಸ. ಪ್ರದರ್ಶನಕ್ಕೆ ಬಲು ಬೇಗ ತಿರುಗುವವು ಇವೇ. ನಿಮಗೆ ಬಚ್ಚಿಡಲು ಆಸೆಯಾದ ಜಾಗದಲ್ಲಿ, ಅಂದರೆ ಸತ್ಯ ಹೇಳಬೇಕಾದಲ್ಲಿ, ಅನ್ಯಾಯಕ್ಕೊಳಗಾದವರ ಪಕ್ಕ ನಿಲ್ಲಬೇಕಾದಲ್ಲಿ, ಬಹಿರಂಗವಾಗಿರಿ. ತೋರಿಸಲು ಆಸೆಯಾದಲ್ಲಿ ಬಾಗಿಲು ಮುಚ್ಚಿ. ದಾನದ ಫೋಟೋ ಹಾಕಬೇಕೋ ಬೇಡವೋ ಎಂಬ ಪ್ರಶ್ನೆಗೂ ಇದೇ ಉತ್ತರ.

ನನ್ನ ಉದ್ದೇಶ ಪೂರ್ತಿ ಶುದ್ಧ ಆಗೋವರೆಗೆ ಸೇವೆ ಮಾಡಬಾರದು ಅನ್ಸುತ್ತೆ. ಸರಿನಾ?

ಹಾಗೆ ಕಾದರೆ ಯಾರೂ ಏನೂ ಮಾಡುವುದಿಲ್ಲ. ಫಿಲಿಪ್ಪಿಯವರಿಗೆ 1:15-18ರಲ್ಲಿ, ತನ್ನ ಮೇಲಿನ ಹೊಟ್ಟೆಕಿಚ್ಚಿನಿಂದ ಸಾರುವವರ ಬಾಯಲ್ಲೂ ಕ್ರಿಸ್ತನ ಹೆಸರು ಹಬ್ಬುತ್ತಿದೆಯೆಂದು ಪೌಲನು ಸಂತೋಷಪಡುತ್ತಾನೆ. 1 ಕೊರಿಂಥ 4:3-5ರಲ್ಲಿ ತನ್ನನ್ನು ತಾನೇ ವಿಚಾರಿಸಿಕೊಳ್ಳುವುದಿಲ್ಲ, ಹೃದಯದ ಯೋಚನೆಗಳನ್ನು ಕರ್ತನು ಬಂದಾಗ ಬೆಳಕಿಗೆ ತರುವನು ಎಂದು ಆ ಕೆಲಸವನ್ನು ಆತನಿಗೆ ಬಿಡುತ್ತಾನೆ. ಉದ್ದೇಶವನ್ನು ದಿನಕ್ಕೊಮ್ಮೆ, ರಾತ್ರಿಯ ಪರಿಶೀಲನೆಯಲ್ಲಿ ನೋಡಿದರೆ ಸಾಕು. ಗಳಿಗೆಗೊಮ್ಮೆ ಅಗೆದು ನೋಡುವುದೂ ತನ್ನ ಬಗ್ಗೆಯೇ ಯೋಚಿಸುವ ಇನ್ನೊಂದು ದಾರಿ.

ಸೇವೆಯನ್ನು ನಿಜವಾಗಿ ನಿಲ್ಲಿಸಬೇಕಾದ ಸಂದರ್ಭಗಳು ಬೇರೆ: ಲೆಕ್ಕ ತೋರಿಸಲಾಗದ ಹಣ, ಮುಚ್ಚಿಟ್ಟು ಮುಂದುವರಿಸುತ್ತಿರುವ ಪಾಪ, ನಿಮ್ಮಿಂದ ಯಾರಿಗಾದರೂ ಅಪಾಯ. ಇವುಗಳಲ್ಲಿ ಒಂದಿದ್ದರೂ ಈ ವಾರವೇ ಸಭಾಪಾಲಕರಿಗೋ ಹಿರಿಯರಿಗೋ ತಿಳಿಸಿ ಜವಾಬ್ದಾರಿಯಿಂದ ಇಳಿಯಿರಿ. ಇಲ್ಲದಿದ್ದರೆ ಭಾನುವಾರದ ಕುರ್ಚಿಗಳನ್ನು ಜೋಡಿಸಲು ಎಂದಿನ ಹೊತ್ತಿಗೆ ಹೋಗಿ.